ಗಾಳಿ ವಿಭಾಗದ ಮೂಗು

ಟಿಕ್.

ರಾತ್ರಿ ಒಂದು ಗಂಟೆ ಇಪ್ಪತ್ತು ನಿಮಿಷ. ಗೋಡೆಯ ಮೇಲಿನ ಬೂದು ಪೆಟ್ಟಿಗೆಯೊಳಗೆ ಏನೋ ಸಣ್ಣಗೆ ಸದ್ದು ಮಾಡಿತು, ಯಾರೋ ಉಗುರಿನಿಂದ ತಟ್ಟೆಯ ಅಂಚು ಮೀಟಿದ ಹಾಗೆ. ನಾನು ಕುರ್ಚಿಯಿಂದ ಎದ್ದು ನಿಂತೆ. ಮತ್ತೆ ಟಿಕ್. ಗಡಿಯಾರ ನೋಡಿ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅರ್ಥವಾಗದ್ದನ್ನು ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ.

ಆ ಪೆಟ್ಟಿಗೆಯನ್ನು ಹಿಂದಿನ ದಿನ ಮೇಲಿನ ಮಹಡಿಯವರು ಬಂದು ಕೂಡಿಸಿ ಹೋಗಿದ್ದರು. ನಮ್ಮದು ಒಂದೇ ಸಂಶೋಧನಾ ಕೇಂದ್ರ, ಎರಡು ಮಹಡಿ. ಕೆಳಗೆ ನಾವು: ಮೀನಿನ ಕಾರ್ಖಾನೆಯವರು ಎಸೆಯುವ ತಲೆ, ಚರ್ಮ, ಮೂಳೆಗಳನ್ನು ತರಿಸಿ, ಕಿಣ್ವ ಹಾಕಿ ಬೆಚ್ಚಗೆ ಕರಗಿಸಿ, ಸೋಸಿ, ಒಣಗಿಸಿ ಪುಡಿ ಮಾಡುವವರು. ಮೇಲೆ ಅವರು: ಗಾಳಿಯಂತ್ರದ ರೆಕ್ಕೆಗಳನ್ನು ಯಾವಾಗ ಎಷ್ಟು ಹೊರಳಿಸಬೇಕೆಂದು ಪ್ರೋಗ್ರಾಂ ಬರೆಯುವವರು. ಕಟ್ಟಡದ ಹಿಂದೆ ಅವರ ಪರೀಕ್ಷೆಯ ಯಂತ್ರ ನಿಂತಿತ್ತು. ಅದರಿಂದ ಹೆಚ್ಚಾಗಿ ಬಂದ ಕರೆಂಟನ್ನು ಎಲ್ಲಾದರೂ ಸುರಿಯಬೇಕಲ್ಲ, ಮೀನಿನ ತೊಟ್ಟಿಯ ಹೀಟರಿಗೇ ಸುರಿಯಿರಿ ಎಂದು ಕೇಂದ್ರದ ಮುಖ್ಯಸ್ಥೆ ದೊಡ್ಡ ಮೇಡಂ ತೀರ್ಮಾನಿಸಿದ್ದರು. ಗಾಳಿ ಜೋರಾಗುವುದು ರಾತ್ರಿ. ಹಾಗಾಗಿ ನನ್ನ ಪಾಳಿಯೂ ರಾತ್ರಿಗೆ ಬಂತು.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಬಾಗಿಲು ತೆರೆದುಕೊಂಡಿತು. ಸಪೂರ ಆಸಾಮಿ, ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಸ್ಕ್ರೂಡ್ರೈವರ್.

"ಕ್ಷಮಿಸಿ ಮೇಡಂ, ಹೀಟರ್ ಆನ್ ಆಫ್ ಮಾಡೋ ರಿಲೇ ಸ್ವಲ್ಪ ಜಾಸ್ತಿ ಬಡ್ಕೋತಿದೆ ಅಂತ ಮೇಲೆ ತೋರಿಸ್ತು, ಅದಕ್ಕೆ..."

ಮಾತು ಅಲ್ಲಿಗೇ ನಿಂತಿತು. ಅವರ ಮುಖ ಬದಲಾಯಿತು. ಮೊದಲು ಮೂಗಿನ ಎಡಹೊಳ್ಳೆ ಒಂಚೂರು ಮೇಲೆದ್ದಿತು. ಹುಬ್ಬುಗಳ ನಡುವೆ ಎರಡು ಗೆರೆ ಮೂಡಿದವು. ಮೇಲ್ದುಟಿ ಸರಿಯಿತು. ಕೊನೆಗೆ ಇಡೀ ತಲೆಯೇ ಪಕ್ಕಕ್ಕೆ ತಿರುಗಿ, ಮೊಣಕೈ ಬಂದು ಮೂಗನ್ನು ಮುಚ್ಚಿತು.

"ಅಯ್ಯಯ್ಯೋ! ಯಾರ್ರೀ ಸತ್ತಿರೋದು ಇಲ್ಲಿ?"

"ಮೀನು," ಎಂದೆ.

"ಅದು ಗೊತ್ತಾಯ್ತು. ಸತ್ತು ಎಷ್ಟು ದಿನ ಆಯ್ತು?"

"ಯಾವುದು? ತೊಟ್ಟಿಯಿಂದ ಬರ್ತಿದೆಯಾ, ಡ್ರಮ್ಮಿಂದಾನಾ?"

"ಡ್ರಮ್ಮು. ಆ ನೀಲಿದು, ಬಾಗಿಲ ಹತ್ರ ಇರೋದು." ಮೊಣಕೈಯ ಮೇಲಿಂದ ಅವರ ಕಣ್ಣು ನನ್ನನ್ನೇ ನೋಡಿದವು. "ನಿಮಗೇ ಗೊತ್ತಾಗ್ಲಿಲ್ವಾ?"

"ನಮಗೆ ಅಭ್ಯಾಸ ಆಗಿಬಿಟ್ಟಿದೆ," ಎಂದೆ.

ಸುಳ್ಳು. ಅವರು ರಿಲೇ ಸರಿಮಾಡಿ ಹೋದ ಮೇಲೆ ನೀಲಿ ಡ್ರಮ್ಮನ್ನು ಹೊರಗೆ ಉರುಳಿಸಿದೆ. ಇನ್ನರ್ಧ ಗಂಟೆಯಲ್ಲಿ ಅದನ್ನು ತೊಟ್ಟಿಗೆ ಹಾಕುವವಳಿದ್ದೆ.

ಎರಡು ವರ್ಷದ ಹಿಂದೆ ನಮ್ಮ ಮನೆಗೆ ಒಂದು ಜ್ವರ ಬಂತು. ಅಮ್ಮ ಏಳಲಿಲ್ಲ. ನಾನು ಎದ್ದೆ, ನನ್ನ ಮೂಗು ಏಳಲಿಲ್ಲ. ಕೆಲವರಿಗೆ ವಾಸನೆ ವಾಪಸ್ ಬರುತ್ತದೆ, ಕೆಲವರಿಗೆ ಇಲ್ಲ ಎಂದು ಡಾಕ್ಟರು ಹೇಳಿದರು. ಒಂದು ವರ್ಷ ಕಳೆದ ಮೇಲೆ ಈ ಕೆಲಸಕ್ಕೆ ಅರ್ಜಿ ಹಾಕಿದೆ. ಅರ್ಜಿಯಲ್ಲಿ ಓದು ಕೇಳಿದ್ದರು, ಅನುಭವ ಕೇಳಿದ್ದರು. ಮೂಗಿನ ಬಗ್ಗೆ ಏನೂ ಕೇಳಿರಲಿಲ್ಲ. ನಾನೂ ಹೇಳಲಿಲ್ಲ.

ಇಡೀ ಮೀನಾದರೆ ಕಣ್ಣು ನೋಡಿ, ಕಿವಿರು ನೋಡಿ ಹೇಳಬಹುದು. ನಮಗೆ ಬರುವುದು ಕಾರ್ಖಾನೆಯಲ್ಲೇ ಅರೆದು ಡ್ರಮ್ಮಿಗೆ ತುಂಬಿದ ಮುದ್ದೆ. ಅದಕ್ಕೆ ಕಣ್ಣಿಲ್ಲ, ಕಿವಿರಿಲ್ಲ. ಹೊರಗಿನ ಲ್ಯಾಬಿಗೆ ಕಳಿಸಿದರೆ ಫಲಿತಾಂಶ ಬರಲು ಮೂರು ದಿನ. ಸಂಜೆ ಆರೂವರೆಗೆ ಬರುವ ಲಾರಿ ನಿಲ್ಲುವುದು ಹತ್ತೇ ನಿಮಿಷ. ಆ ಹತ್ತು ನಿಮಿಷದಲ್ಲಿ ಮುಚ್ಚಳ ತೆಗೆದು, ಬಗ್ಗಿ, ಮೂಸಿ, ಇದು ಇರಲಿ ಅದು ಹೋಗಲಿ ಎನ್ನಬೇಕು. ನಾನು ಬಗ್ಗುತ್ತಿದ್ದೆ, ಮೂಸುವಂತೆ ಮಾಡುತ್ತಿದ್ದೆ. ಮಂಜುಗಡ್ಡೆ ಎಷ್ಟು ಉಳಿದಿದೆ, ಲಾರಿ ಎಷ್ಟು ತಡವಾಗಿದೆ, ಬಣ್ಣ ಹೇಗಿದೆ ಎಂದು ಲೆಕ್ಕ ಹಾಕಿ ಊಹಿಸುತ್ತಿದ್ದೆ. ಹೆದರಿಕೆಯಾದರೆ ಒಳ್ಳೆಯ ಡ್ರಮ್ಮನ್ನೂ ವಾಪಸ್ ಕಳಿಸುತ್ತಿದ್ದೆ. ಅಂಗಳದಲ್ಲಿ ಕೆಲಸ ಮಾಡುವವರ ಮುಖ ನೋಡೋಣವೆಂದರೆ ಅವರು ಇಪ್ಪತ್ತು ವರ್ಷದಿಂದ ಮೀನಿನ ನಡುವೆ ಇದ್ದವರು. ಅವರ ಮುಖದಲ್ಲಿ ಏನೂ ಬರೆದಿರುತ್ತಿರಲಿಲ್ಲ.

ಈ ಗಾಳಿಯವರ ಮುಖದಲ್ಲಿ ಮಾತ್ರ ಎಲ್ಲವೂ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಮರುದಿನ ಸಂಜೆ ಆರು ಇಪ್ಪತ್ತೈದಕ್ಕೆ ಮೇಲಕ್ಕೆ ಫೋನ್ ಮಾಡಿದೆ. "ಹೀಟರ್ ಒಮ್ಮೆ ನೋಡ್ತೀರಾ?"

"ಈಗ ಬಂದೆ," ಎಂದರು. ಬಂದೇ ಬಿಟ್ಟರು.

ನಾನು ಒಂದೊಂದೇ ಮುಚ್ಚಳ ತೆಗೆದೆ. ಡ್ರಮ್ಮಿನೊಳಗೆ ನೋಡಲಿಲ್ಲ. ಅವರ ಮುಖ ನೋಡಿದೆ. ತಾಜಾ ಮೀನಿಗೆ ಅವರ ಮೂಗು ಸುಮ್ಮನೆ ಒಮ್ಮೆ ಅಲುಗಿ ನಿಲ್ಲುತ್ತಿತ್ತು, ನಿದ್ದೆಯಲ್ಲಿ ನೊಣ ಕೂತ ಹಾಗೆ. ಕೆಟ್ಟದ್ದಕ್ಕೆ ಎಡಹೊಳ್ಳೆ ಏಳುತ್ತಿತ್ತು. ಮೂರನೆಯ ಡ್ರಮ್ಮಿಗೆ ಎಡಹೊಳ್ಳೆ ಎದ್ದಿತು.

"ಇದು ವಾಪಸ್," ಎಂದೆ.

ಲಾರಿ ಡ್ರೈವರು ಗಡ್ಡ ಕೆರೆದುಕೊಂಡ. "ಮೇಡಮ್ಮೋರು ಮೂಸ್ಲೇ ಇಲ್ಲ!"

"ಮೂಸ್ದೆ."

"ಎಲ್ಲಿ ಮೂಸಿದ್ರಿ? ನೀವು ನೋಡ್ತಿದ್ದದ್ದು ಗಾಳಿ ಸಾಹೇಬ್ರನ್ನ!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಹೇಳಿ, ಡ್ರಮ್ಮನ್ನು ಲಾರಿಗೆ ಹತ್ತಿಸಿದ. ಗಾಳಿ ಸಾಹೇಬರ ಕಿವಿ ಕೆಂಪಾಯಿತು. ನನಗೆ ಏನೂ ಆಗಲಿಲ್ಲ. ಆಗಬೇಕಿತ್ತು ಎಂದು ಮಾತ್ರ ಅನ್ನಿಸಿತು.

ಆಮೇಲೆ ದಿನಾ ಬಂದರು. ನಾನು ಫೋನ್ ಮಾಡದಿದ್ದರೂ ಬಂದರು. ಹೀಟರಿನ ಮೀಟರು ನೋಡುವುದು, ರಿಲೇಗೆ ಕಿವಿಗೊಡುವುದು, ಬಾಗಿಲ ಬಳಿ ನಿಂತು ಏನಾದರೂ ಹೇಳುವುದು.

"ನಿಮ್ಮ ಮೀನು ನಿನ್ನೆ ರಾತ್ರಿ ನಾಲ್ಕು ಗಂಟೆ ನನ್ನ ಗಾಳೀಲಿ ಬೆಂದಿದೆ. ಒಂದು ಥ್ಯಾಂಕ್ಸ್ ಆದ್ರೂ ಹೇಳಿತಾ?"

"ಬೇಯಿಸಲ್ಲ ನಾವು. ಕರಗಿಸ್ತೀವಿ. ಐವತ್ತೈದು ಡಿಗ್ರಿ, ಅಷ್ಟೇ."

"ಜಗಳಕ್ಕೂ ಡಿಗ್ರಿ ಲೆಕ್ಕ ಇಡ್ತೀರಲ್ಲ ಮಾರಾಯ್ರೆ."

ಮಾತಾಡುವಾಗಲೂ ನಾನು ಅವರ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ. ತೆಗೆದರೆ ಒಂದು ಡ್ರಮ್ಮಿನ ಸುದ್ದಿ ತಪ್ಪಿಹೋಗಬಹುದು. ಹಾಗೆ ನೋಡಿ ನೋಡಿ ಎಷ್ಟೋ ಬೇಡದ್ದೂ ಗೊತ್ತಾಯಿತು. ಎಡ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗುರುತು. ಸುಳ್ಳು ಹೇಳುವಾಗ ರೆಪ್ಪೆ ಬೇಗ ಬಡಿಯುತ್ತದೆ. ನಗು ಬಾಯಿಗೆ ಬರುವ ಮೊದಲು ಕೆನ್ನೆಗೆ ಬರುತ್ತದೆ. ಇವೆಲ್ಲ ನನಗೆ ಉಪಯೋಗವಿಲ್ಲದ ಮಾಹಿತಿ. ಆದರೂ ತಲೆಯಲ್ಲಿ ಉಳಿಯಿತು.

ಒಂದು ಭಾನುವಾರ ಬೆಳಿಗ್ಗೆ ಬಸ್ಸು ಬರಲಿಲ್ಲ. ಗಾಳಿಯವರು ಸ್ಕೂಟರಿನಲ್ಲಿ ಮನೆಯವರೆಗೆ ಬಿಟ್ಟರು. ಒಳಗೆ ಹೋಗುವಷ್ಟರಲ್ಲಿ ಅಕ್ಕ ಕಿಟಕಿಯಿಂದ ಈಚೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅಕ್ಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಯಾರು ಏನು ಹೇಳಿದರೂ ತಾಳೆ ನೋಡುತ್ತಾಳೆ.

"ಯಾರೇ ಪುಟ್ಟಿ ಅದು?"

"ಮೇಲಿನ ಮಹಡಿಯವರು. ಗಾಳಿ ವಿಭಾಗ."

"ಸ್ಕೂಟರಿಂದ ಇಳಿದ ಮೇಲೂ ಎರಡು ನಿಮಿಷ ಅವರ ಮುಖಾನೇ ನೋಡ್ತಾ ನಿಂತಿದ್ಯಲ್ಲೇ!"

"ಥ್ಯಾಂಕ್ಸ್ ಹೇಳ್ತಿದ್ದೆ."

"ಎರಡು ನಿಮಿಷದ ಥ್ಯಾಂಕ್ಸು!"

ಪೇಪರಿನ ಹಿಂದಿನಿಂದ ಭಾವನ ದನಿ ಬಂತು. "ನನಗೆ ಹನ್ನೊಂದು ವರ್ಷದಲ್ಲಿ ಎರಡು ಸೆಕೆಂಡಿಂದೂ ಬಂದಿಲ್ಲ, ನೋಡಮ್ಮ."

"ನೀವು ಸುಮ್ಮನಿರಿ," ಎಂದಳು ಅಕ್ಕ. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದಳು. "ಇಷ್ಟ ಇದ್ರೆ ಇಷ್ಟ ಅನ್ನು. ಇಲ್ಲದಿದ್ರೆ ಇಲ್ಲ ಅನ್ನು. ಹೀಗೆ ಕಲ್ಲಿನ ಹಾಗೆ ಇರಬೇಡ್ವೇ."

ಅಂದು ಮಧ್ಯಾಹ್ನ ಅವಳು ಕಪಾಟು ತೆಗೆದು ಅಮ್ಮನ ಹಸಿರು ಸ್ವೆಟರನ್ನು ಹೊರಗೆ ಎಳೆದಳು. ವರ್ಷಕ್ಕೆ ಎರಡು ಸಲ ಹಾಗೆ ಮಾಡುತ್ತಾಳೆ. ಮುಖಕ್ಕೆ ಒತ್ತಿ ಹಿಡಿದು, ಕಣ್ಣು ಒದ್ದೆ ಮಾಡಿಕೊಂಡು, ನನ್ನ ಕೈಗೆ ಕೊಡುತ್ತಾಳೆ. "ಇನ್ನೂ ಅಮ್ಮನ ವಾಸನೆ ಹಾಗೇ ಇದೆ ನೋಡೇ."

ನಾನು ಮುಖ ಹುದುಗಿಸಿದೆ. ಉಣ್ಣೆ ಕೆನ್ನೆಗೆ ಚುಚ್ಚಿತು. ಅಷ್ಟೇ.

"ಹೂಂ," ಎಂದೆ. "ಹಾಗೇ ಇದೆ."

ಒಂದು ರಾತ್ರಿ ಮೂರು ಗಂಟೆಗೆ ಎರಡು ಲೋಟ ಕಾಫಿ ಹಿಡಿದು ಮೇಲೆ ಹೋದೆ. ಅವರ ಕೋಣೆಯಲ್ಲಿ ದೀಪ ಆರಿಸಿತ್ತು, ಮೂರು ಕಂಪ್ಯೂಟರಿನ ಬೆಳಕು ಮಾತ್ರ. ಕಿಟಕಿಯಾಚೆ ಗಾಳಿಯಂತ್ರ ಕತ್ತಲನ್ನು ಒಂದೇ ಸಮ ಕತ್ತರಿಸುತ್ತಿತ್ತು.

"ಗಾಳಿ ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ.

"ಸರಿಯಾಗಿ ಗೊತ್ತಾಗಲ್ಲ." ಕಾಫಿಯನ್ನು ಊದಿ ಕುಡಿದರು. "ಅಳೆಯೋ ಚಕ್ರ ಇರೋದು ರೆಕ್ಕೆಗಳ ಹಿಂದೆ. ಅಲ್ಲಿಗೆ ಬರೋದು ಕಲಸಿದ ಗಾಳಿ. ಅದನ್ನ ನಂಬಿದ್ರೆ ಕೆಟ್ಟೆವು. ಅದಕ್ಕೆ ರೆಕ್ಕೆ ಹೇಗೆ ತಿರುಗ್ತಿದೆ ನೋಡ್ತೀವಿ. ಅದರ ಮೇಲೆ ಗಾಳಿ ಇಷ್ಟಿರಬೇಕು ಅಂತ ಊಹೆ."

"ಅಂದ್ರೆ ನಿಮಗೆ ಗೊತ್ತಾಗದ್ದನ್ನ ಇನ್ನೊಂದರ ಮುಖ ನೋಡಿ ತಿಳ್ಕೋತೀರಿ."

"ಹಾಗೇ ಅನ್ನಿ."

ಆಗ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಲೋಟ ತಿರುಗಿಸುತ್ತ ಬೇರೆ ಕೇಳಿದೆ. "ಗಾಳಿ ತುಂಬಾ ಜಾಸ್ತಿಯಾದ್ರೆ?"

"ರೆಕ್ಕೆಗಳನ್ನ ಓರೆ ಮಾಡ್ತೀವಿ. ಬೀಸೋ ಗಾಳಿ ಬೀಸ್ಕೊಂಡು ಹೋಗ್ಲಿ ಅಂತ ದಾರಿ ಬಿಡ್ತೀವಿ."

"ಪೂರ್ತಿ ಓರೆ ಮಾಡಿಬಿಟ್ರೆ?"

"ನಿಂತುಬಿಡುತ್ತೆ. ಮುರಿಯಲ್ಲ. ತಿರುಗೋದೂ ಇಲ್ಲ." ಅವರು ನನ್ನ ಕಡೆ ನೋಡಿದರು. "ಹಾಗೇ ಬಿಡೋಕಾಗಲ್ಲ ಅನ್ನಿ. ಬಿರುಗಾಳಿ ಹೋದ ಮೇಲೆ ನಿಧಾನಕ್ಕೆ ವಾಪಸ್ ತಿರುಗಿಸಬೇಕು. ಒಂದೊಂದೇ ಡಿಗ್ರಿ."

"ಡಿಗ್ರಿ ಲೆಕ್ಕ ನೀವೂ ಇಡ್ತೀರಿ," ಎಂದೆ. ಅವರ ಕೆನ್ನೆಗೆ ನಗು ಬಂತು, ಆಮೇಲೆ ಬಾಯಿಗೆ.

ಅದಾದ ಕೆಲವು ದಿನಗಳಿಂದ ಡ್ರಮ್ಮುಗಳು ಚೆನ್ನಾಗಿ ಬರತೊಡಗಿದವು. ಮುಚ್ಚಳ ತೆಗೆದರೆ ಅವರ ಮುಖ ತಟ್ಟೆಯಲ್ಲಿ ನಿಂತ ನೀರಿನ ಹಾಗೆ ಶಾಂತ. ಒಂದು ಗೆರೆಯಿಲ್ಲ, ಒಂದು ಅಲುಗಾಟವಿಲ್ಲ. ಹವೆ ತಂಪಾಗಿದೆ, ಕಾರ್ಖಾನೆಯವರು ಮಂಜುಗಡ್ಡೆ ಹೆಚ್ಚು ಹಾಕುತ್ತಿದ್ದಾರೆ ಎಂದುಕೊಂಡೆ. ಲಾರಿ ಡ್ರೈವರನಿಗಂತೂ ಖುಷಿಯೋ ಖುಷಿ. "ಈಗ ಸರಿಹೋಯ್ತು ನೋಡಿ. ಇಬ್ರೂ ರಾಜಿ ಆದ್ರಿ ಅನ್ಸುತ್ತೆ, ನನ್ನ ಡ್ರಮ್ಮು ಬದುಕ್ತು!"

ಅದೇ ವಾರ ನಮ್ಮ ದೊಡ್ಡ ಪ್ರಯೋಗ. ಸಾಕು ಮೀನುಗಳಿಗೆ ಆಹಾರ ತಯಾರಿಸುವ ಕಂಪನಿಯೊಂದು ಎಂಬತ್ತು ಕಿಲೋ ಪುಡಿ ಕೇಳಿತ್ತು. ಅದು ಒಪ್ಪಿಗೆಯಾದರೆ ಯೋಜನೆ ಮುಂದುವರಿಯುತ್ತದೆ, ನನ್ನ ಒಂದು ವರ್ಷದ ಕರಾರೂ ಮುಂದುವರಿಯುತ್ತದೆ. ಇಲ್ಲದಿದ್ದರೆ ಮುಂದಿನ ತಿಂಗಳು ಎರಡೂ ಮುಗಿಯುತ್ತವೆ. ಆರು ರಾತ್ರಿ ಎಡೆಬಿಡದೆ ನಡೆಸಿದೆವು. ಗಾಳಿಯೂ ಸಹಕರಿಸಿತು. ಟಿಕ್ ಎಂದಾಗಲೆಲ್ಲ ಗಂಟೆ ಬರೆದುಕೊಂಡೆ. ಪುಡಿ ತಿಳಿ ಹಳದಿಯಾಗಿ, ಹಗುರವಾಗಿ, ಚೆಲುವಾಗಿ ಬಂತು. ಆರೂ ರಾತ್ರಿಯದನ್ನು ಒಟ್ಟಿಗೆ ಬೆರೆಸಿ, ಚೀಲಕ್ಕೆ ತುಂಬಿ, ಒಂದು ಹಿಡಿಯನ್ನು ಹೊರಗಿನ ಲ್ಯಾಬಿಗೆ ಕಳಿಸಿದೆ.

ಮೂರನೆಯ ದಿನ ಒಂದು ಹಾಳೆ ಬಂತು. ಹಿಸ್ಟಮಿನ್, ಮಿತಿಗಿಂತ ಐದು ಪಟ್ಟು. ಅದು ಮೀನು ಕೆಡುವಾಗ ಹುಟ್ಟುವ ವಿಷ. ಕಾಯಿಸಿದರೆ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ಎಂಬತ್ತು ಕಿಲೋವನ್ನೂ ಮಣ್ಣಿಗೆ ಹಾಕಬೇಕು.

ಹಾಳೆಯನ್ನು ಎರಡು ಸಲ ಓದಿದೆ. ಮಡಚಿ ಜೇಬಿನಲ್ಲಿಟ್ಟೆ. ತೊಟ್ಟಿ ತೊಳೆದೆ. ಕೈಗವಸು ಒಣಹಾಕಿದೆ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ.

ರಾತ್ರಿ ಅವರು ಕೆಳಗೆ ಬಂದಾಗ ಹಾಳೆಯನ್ನು ಕೈಗೆ ಕೊಟ್ಟೆ. ಓದಿ, ಕುರ್ಚಿಯ ತುದಿಯಲ್ಲಿ ಕುಳಿತರು.

"ಆ ಆರು ದಿನ," ಎಂದೆ, "ನಿಮಗೆ ಕೆಟ್ಟ ವಾಸನೆ ಬಂದಿತ್ತಾ?"

"ಬಂದಿತ್ತು."

"ಯಾವತ್ತು?"

"ಮಂಗಳವಾರ. ಬುಧವಾರವಂತೂ ಕಣ್ಣಲ್ಲಿ ನೀರು ಬಂತು. ಮೇಲೆ ಹೋಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಾಲು ಗಂಟೆ ನಿಂತಿದ್ದೆ."

"ನಿಮ್ಮ ಮುಖದಲ್ಲಿ ಏನೂ ಇರ್ಲಿಲ್ಲ."

"ಇರಲ್ಲ." ಅವರು ಹಾಳೆಯ ಅಂಚನ್ನು ನೀವಿದರು. "ಅಭ್ಯಾಸ ಮಾಡಿದ್ದೆ."

"ಏನಭ್ಯಾಸ?"

"ನಗಬೇಡಿ. ನಿಮ್ಮ ಅಂಗಳದವರ ಹತ್ರ ಒಂದು ಡಬ್ಬಿ ಹಳೇ ಮೀನಿನ ಚರ್ಮ ಇಸ್ಕೊಂಡು ಮನೆಗೆ ಹೋದೆ. ಬಚ್ಚಲಲ್ಲಿ ಕನ್ನಡಿ ಮುಂದೆ ಡಬ್ಬಿ ತೆಗೆದಿಟ್ಕೊಂಡು, ಮುಖ ಅಲ್ಲಾಡದ ಹಾಗೆ ನಿಂತ್ಕೊಳ್ಳೋದು. ಹತ್ತು ದಿನ. ಮನೆ ಓನರ್ ಬಂದು ಪೈಪ್ ಒಡೆದಿದೆಯಾ ಅಂತ ಕೇಳಿದ್ರು."

"ಯಾಕೆ?"

"ನೀವು ದಿನಾ ನನ್ನ ಮುಖಾನೇ ನೋಡ್ತಿದ್ರಲ್ಲ! ಮುಚ್ಚಳ ತೆಗೆಯೋದು, ನಾನು ಮೂಗು ಮುರೀತೀನಾ ಅಂತ ನೋಡೋದು. ನಾನು ಮುರಿದ ತಕ್ಷಣ ನೀವು ಆ ಡ್ರಮ್ಮನ್ನೇ ವಾಪಸ್ ಕಳಿಸ್ತಿದ್ರಿ. ನನಗೆ ಅನ್ನಿಸ್ತು, ಇವರು ಇಷ್ಟು ಕಷ್ಟಪಟ್ಟು ಮಾಡೋ ಕೆಲಸಕ್ಕೆ ನಾನು ಅಸಹ್ಯ ಪಡ್ತೀನಿ ಅಂತ ಇವರಿಗೆ ನೋವಾಗ್ತಿದೆ, ನನಗೋಸ್ಕರ ಡ್ರಮ್ಮು ಕಳಿಸ್ತಿದ್ದಾರೆ ಅಂತ. ನನ್ನ ಮೂಗಿಂದ ನಿಮ್ಮ ಕೆಲಸ ಕೆಡಬಾರದು ಅಂತ..."

ನನಗೆ ನಗು ಬರಬೇಕಿತ್ತು. ಬರಲಿಲ್ಲ.

"ನನಗೆ ವಾಸನೆ ಬರಲ್ಲ," ಎಂದೆ.

ಅವರು ತಲೆ ಎತ್ತಿದರು.

"ಎರಡು ವರ್ಷದಿಂದ. ಯಾವುದೂ ಬರಲ್ಲ. ಮೀನು, ಕಾಫಿ, ಸೋಪು, ಯಾವುದೂ. ನಿಮ್ಮ ಮುಖ ನೋಡಿ ತಿಳ್ಕೋತಿದ್ದೆ. ಅದಕ್ಕೇ ನೋಡ್ತಿದ್ದೆ."

ಟಿಕ್ ಎಂದಿತು ಪೆಟ್ಟಿಗೆ. ನೋಟ್‌ಬುಕ್ಕಿಗೆ ಕೈ ಹಾಕಲಿಲ್ಲ.

ಅವರು ಹಾಳೆಯನ್ನು ಮೇಜಿನ ಮೇಲಿಟ್ಟು, "ಅದಕ್ಕೇನಾ?" ಎಂದರು. ಎಡ ಹುಬ್ಬು ಸ್ವಲ್ಪ ಕೆಳಗಿಳಿದಿತ್ತು. ಅವರ ಮುಖದಲ್ಲಿ ಅದನ್ನು ನಾನು ಮೊದಲು ನೋಡಿರಲಿಲ್ಲ. ಅದು ನೋವು ಎಂದು ಗೊತ್ತಾಗಲು ಒಂದು ನಿಮಿಷ ಬೇಕಾಯಿತು.

ಆಮೇಲೆ ಅವರು ಎದ್ದರು. "ನಾನು ಮೇಡಂಗೆ ಬರೆದುಕೊಡ್ತೀನಿ. ರಿಲೇ ಕೆಟ್ಟು ಹೀಟರ್ ನಿಂತೋಯ್ತು, ತೊಟ್ಟಿ ತಣ್ಣಗಾಗಿ ಮೀನು ಕೆಟ್ಟಿತು ಅಂತ. ನನ್ನ ಕರಾರು ಇನ್ನೂ ಎರಡು ವರ್ಷ ಇದೆ. ಬೈಸ್ಕೋತೀನಿ, ಅಷ್ಟೇ ತಾನೇ?"

ರೆಪ್ಪೆ ಬೇಗ ಬೇಗ ಬಡಿಯುತ್ತಿತ್ತು.

"ರಿಲೇ ಕೆಟ್ಟಿರ್ಲಿಲ್ಲ," ಎಂದೆ. "ಆರು ರಾತ್ರಿಯ ಒಂದೊಂದು ಟಿಕ್ಕೂ ಗಂಟೆ ಸಮೇತ ನನ್ನ ಹತ್ರ ಬರೆದಿದೆ."

"ಆ ಪುಸ್ತಕ ಕಳೆದುಹೋಗಬಹುದಲ್ಲ."

"ನನ್ನಿಂದ ಏನೂ ಕಳೆದುಹೋಗಲ್ಲ. ಅದೇ ನನ್ನ ಕಾಯಿಲೆ."

ಅವರು ಮತ್ತೆ ಕುಳಿತರು. ಈ ಸಲ ಕುರ್ಚಿಯ ತುಂಬ. ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ನೇರವಾಗಿ ಇಟ್ಟು, ಮತ್ತೆ ಅಡ್ಡ ಇಟ್ಟು, ಹೇಳಿದರು. "ನೀವು ಯಾಕೆ ನೋಡ್ತಿದ್ರಿ ಅಂತ ಹೇಳಿದ್ರಿ. ನಾನು ಯಾಕೆ ದಿನಾ ಕೆಳಗೆ ಬರ್ತಿದ್ದೆ ಅಂತ ಕೇಳ್ಲಿಲ್ಲ."

"ಹೀಟರ್ ನೋಡೋಕೆ."

"ಹೀಟರಿಂದು ಎಲ್ಲಾ ಮೇಲೇ ಕಂಪ್ಯೂಟರಲ್ಲಿ ಕಾಣುತ್ತೆ. ಮೊದಲನೇ ದಿನದಿಂದ."

ನಾನು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಸರಿಯಾದ ಮಾತು ಹುಡುಕಿದೆ. ಪುಸ್ತಕದಲ್ಲಾದರೆ ಇಂಥ ಹೊತ್ತಿಗೆ ಹೆಂಗಸರಿಗೆ ಮೈ ಬಿಸಿಯಾಗುತ್ತದೆ, ಕಾಲು ನಡುಗುತ್ತದೆ. ನನ್ನ ಕಾಲು ತಣ್ಣಗೆ ನೆಲದ ಮೇಲೆ ಇತ್ತು.

"ನಾನು ಸುಳ್ಳು ಹೇಳಲ್ಲ," ಎಂದೆ. "ಮೂಗೊಂದೇ ಅಲ್ಲ. ಅಮ್ಮ ಹೋದಮೇಲಿಂದ ನನಗೆ ಯಾವುದೂ ಸರಿಯಾಗಿ ತಟ್ಟಲ್ಲ. ನೀವು ಒಳ್ಳೆಯವರು ಅಂತ ಗೊತ್ತಾಗುತ್ತೆ. ಗೊತ್ತಾಗುತ್ತೆ ಅಷ್ಟೇ. ನಿಮಗೆ ಅದು ಸಾಲಲ್ಲ."

"ಎಷ್ಟು ಬೇಕು ಅಂತ ನಾನು ಅಳತೆ ಕೊಟ್ಟಿಲ್ವಲ್ಲ."

"ತಮಾಷೆ ಮಾಡಬೇಡಿ."

"ತಮಾಷೆ ಅಲ್ಲ. ನೀವು ನಾಳೆ ಮೇಡಂ ಹತ್ರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ. ಕೆಲಸ ಉಳಿದ್ರೂ ಸರಿ, ಹೋದ್ರೂ ಸರಿ. ಉಳಿದ್ರೆ ನಾನು ಸಂಜೆ ಆರೂವರೆಗೆ ಬರ್ತೀನಿ. ಮೂಗು ತಗೊಂಡು." ಅವರು ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. "ಮುಖ ಮಾತ್ರ ಇನ್ನು ಮೊದಲಿನ ಹಾಗೇ ಇರುತ್ತೆ. ಅಸಹ್ಯವಾಗಿ."

ಮಾರನೆಯ ದಿನ ದೊಡ್ಡ ಮೇಡಂ ಲ್ಯಾಬಿನ ಹಾಳೆಯನ್ನು ಓದಿ ಪಕ್ಕಕ್ಕಿಟ್ಟರು. ನಾನು ನಿಂತೇ ಎಲ್ಲ ಹೇಳಿದೆ. ಗಾಳಿಯವರು ಬಚ್ಚಲಲ್ಲಿ ಅಭ್ಯಾಸ ಮಾಡಿದ್ದನ್ನೂ ಹೇಳಿದೆ. ಹೇಳದಿದ್ದರೆ ಲೆಕ್ಕ ತಾಳೆಯಾಗುತ್ತಿರಲಿಲ್ಲ.

"ಎಷ್ಟು ದಿನದಿಂದ ಹೀಗೆ?"

"ಇಲ್ಲಿಗೆ ಸೇರೋ ಮೊದಲಿಂದ, ಮೇಡಂ."

"ಮೂಗಿಲ್ಲದವರನ್ನ ಮೀನಿನ ಮೇಲೆ ಕೂರಿಸಿದ್ದೀನಿ ಅಂತಾಯ್ತು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದಿಲ್ದೆ ನೀವು ಅಲ್ಲಿ ನಿಂತಿರೋದೇ ನನಗೆ ಕಾಣಲ್ಲ. ಹಾಗಂತ ನನ್ನನ್ನ ಯಾರೂ ಮನೆಗೆ ಕಳಿಸ್ಲಿಲ್ಲ. ಯಾಕೆ? ಕನ್ನಡಕ ಹಾಕ್ಕೊಂಡೆ, ಎಲ್ಲರಿಗೂ ಕಾಣೋ ಹಾಗೆ ಹಾಕ್ಕೊಂಡೆ. ನೀವು ಮುಚ್ಚಿಟ್ರಿ. ಎಂಬತ್ತು ಕಿಲೋ ಹೋಗಿದ್ದು ಮೂಗಿಂದ ಅಲ್ಲ, ಅದರಿಂದ."

"ಹೌದು ಮೇಡಂ."

"ಕಂಪನಿಯವರ ಹತ್ರ ಮೂರು ತಿಂಗಳು ಕೇಳ್ತೀನಿ. ನಿಮ್ಮ ಕರಾರೂ ಮೂರೇ ತಿಂಗಳು. ಮತ್ತೆ ಮಾಡಿ ತೋರಿಸಿ. ರಿಜಿಸ್ಟರಲ್ಲಿ ಹೊಸ ಕಾಲಂ ಎಳೀರಿ: ವಾಸನೆ ನೋಡಿದವರು. ಅಲ್ಲಿ ಯಾರ ಸಹಿ ಬರುತ್ತೆ?"

"ಗಾಳಿ ವಿಭಾಗದವರು ಬರ್ತೀನಿ ಅಂದಿದ್ದಾರೆ."

ದೊಡ್ಡ ಮೇಡಂ ಕನ್ನಡಕ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬರ್ತಾರೆ, ಬರ್ತಾರೆ. ಸ್ಕೇಲ್ ಇಟ್ಟು ನೆಟ್ಟಗೆ ಎಳೀರಿ ಕಾಲಂ."

ಹಾಗೆ ಶುರುವಾಯಿತು. ಸಂಜೆ ಆರೂವರೆ, ಲಾರಿ, ಮುಚ್ಚಳ, ಅವರ ಮುಖ, ರಿಜಿಸ್ಟರಿನಲ್ಲಿ ಅವರ ಓರೆ ಸಹಿ. ಈಗ ಅಂಗಳದಲ್ಲಿ ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ನಗುತ್ತಿರಲಿಲ್ಲ. ಲಾರಿ ಡ್ರೈವರು ಮಾತ್ರ, "ಸಾಹೇಬ್ರೇ, ಇವತ್ತು ನೆಗಡಿ ಗಿಗಡಿ ಆಗಿದೆಯಾ? ಆಗಿದ್ರೆ ನನ್ನ ಪುಣ್ಯ," ಎನ್ನುತ್ತಿದ್ದ. ಮಿಕ್ಕ ಯಾವ ಮಾತನ್ನೂ ಅವರು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬೆಳಿಗ್ಗೆ ಬಸ್ಸು ಬಂದರೂ ನಾನು ಸ್ಕೂಟರಿನಲ್ಲೇ ಹೋಗುತ್ತಿದ್ದೆ. ಯಾಕೆ ಎಂದು ಅಕ್ಕ ಕೇಳಿದಾಗ ಬಸ್ಸಿನಲ್ಲಿ ನೂಕುನುಗ್ಗಲು ಎಂದೆ. ಆ ಹೊತ್ತಿನ ಬಸ್ಸು ಯಾವಾಗಲೂ ಖಾಲಿ. ಅಕ್ಕ ತಾಳೆ ನೋಡಲಿಲ್ಲ.

ಎರಡನೆಯ ತಿಂಗಳ ಕೊನೆಯ ಒಂದು ಸಂಜೆ. ಐದು ಡ್ರಮ್ಮು ಬಂದಿದ್ದವು. ಮೊದಲ ಮೂರಕ್ಕೆ ಅವರ ಮೂಗು ಸುಮ್ಮನೆ ಅಲುಗಿತು. ನಾನು ಟಿಕ್ ಗುರುತು ಹಾಕಿದೆ. ನಾಲ್ಕನೆಯದರ ಮುಚ್ಚಳ ಬಿಗಿಯಾಗಿತ್ತು. ಎರಡೂ ಕೈ ಹಾಕಿ ಎಳೆದೆ, ಬಗ್ಗಿಯೇ ಇದ್ದೆ.

ಏನೋ ಬಂತು.

ಮೊದಲು ಅದು ವಾಸನೆ ಎಂದು ಗೊತ್ತಾಗಲಿಲ್ಲ. ದೂರದ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ, ಪದ ತಿಳಿಯದೆ ದನಿ ಮಾತ್ರ ಕೇಳಿದ ಹಾಗೆ. ಆಮೇಲೆ ಅದು ಹತ್ತಿರ ಬಂತು. ಹುಳಿ, ಉಪ್ಪು, ಅದರ ಕೆಳಗೆ ಸತ್ತ ಏನೋ. ಎರಡು ವರ್ಷದಲ್ಲಿ ನನ್ನ ಮೂಗಿಗೆ ಬಂದ ಮೊದಲ ಸಂಗತಿ ಒಂದು ಡ್ರಮ್ಮು ಕೊಳೆತ ಮೀನು. ಕಣ್ಣು ಉರಿಯಿತು. ವಾಸನೆಗೋ ಬೇರೆಯದಕ್ಕೋ ನನಗೆ ಗೊತ್ತಿಲ್ಲ.

ತಲೆ ಎತ್ತಿದೆ. ಅವರು ನನ್ನ ಹಿಂದೆ ಒಂದು ಹೆಜ್ಜೆ ದೂರದಲ್ಲಿದ್ದರು. ವಾಸನೆ ಅವರನ್ನು ಇನ್ನೂ ಮುಟ್ಟಿರಲಿಲ್ಲ. ಮುಖ ಸುಮ್ಮನಿತ್ತು, ನನ್ನ ಕಡೆಗೇ ಇತ್ತು. ಇನ್ನು ಒಂದು ಕ್ಷಣದಲ್ಲಿ ಏನಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಎಡಹೊಳ್ಳೆ ಎದ್ದಿತು. ಎರಡು ಗೆರೆ ಮೂಡಿದವು. ಮೇಲ್ದುಟಿ ಸರಿಯಿತು. ಇಷ್ಟು ದಿನ ಆ ಮುಖದಲ್ಲಿ ಡ್ರಮ್ಮಿನ ಸುದ್ದಿ ಓದುತ್ತಿದ್ದೆ. ಇಂದು ಸುದ್ದಿ ಆಗಲೇ ತಿಳಿದಿತ್ತು. ಓದುವುದಕ್ಕೆ ಉಳಿದದ್ದು ಮುಖವೊಂದೇ.

"ಥೂ! ವಾಪಸ್, ವಾಪಸ್!" ಮೊಣಕೈ ಮೂಗಿಗೆ ಬಂತು. ಅದರ ಮೇಲಿಂದ ಕಣ್ಣು ಕೇಳಿದವು. "ಏನು ಹಾಗೆ ನೋಡ್ತಿದ್ದೀರಿ?"

"ಕೆಟ್ಟಿದೆಯಾ?" ಎಂದೆ.

"ಕೇಳ್ಬೇಕಾ? ನೋಡಿ ನನ್ನ ಅವಸ್ಥೆ."

"ನೋಡ್ತಿದ್ದೀನಿ."

ಅವರ ಕೆನ್ನೆಗೆ ನಗು ಬಂತು. ಐದನೆಯ ಡ್ರಮ್ಮಿನ ಮುಚ್ಚಳ ತೆಗೆದೆ. ಅದರಿಂದ ನನಗೆ ಏನೂ ಬರಲಿಲ್ಲ. ಅವರ ಮೂಗು ಸುಮ್ಮನೆ ಅಲುಗಿತು. ರಿಜಿಸ್ಟರು ತೆರೆದು, ಸ್ಕೇಲಿಟ್ಟು ಎಳೆದ ಕಾಲಂನಲ್ಲಿ 'ಗಾಳಿ ವಿಭಾಗ' ಎಂದು ಬರೆದು, ಸಹಿಗೆ ಪೆನ್ನು ಕೊಟ್ಟೆ. ಅವರು ಬಗ್ಗಿ ಸಹಿ ಹಾಕುವಾಗ ತೋಳು ನನ್ನ ತೋಳಿಗೆ ತಾಗಿತು. ಸರಿಸಿಕೊಳ್ಳಲಿಲ್ಲ. ತೋಳು ಬೆಚ್ಚಗಿತ್ತು. ಅದು ನನಗೆ ತಿಳಿಯಿತು.

ನಾಳೆ ಬೆಳಿಗ್ಗೆ ನಾನು ಮನೆ ಸೇರುವ ಹೊತ್ತಿಗೆ ಅಕ್ಕ ಶಾಲೆಗೆ ಹೋಗಿರುತ್ತಾಳೆ, ಭಾವ ಕೆಲಸಕ್ಕೆ. ಕಪಾಟು ತೆಗೆಯಬಹುದು. ಹಸಿರು ಸ್ವೆಟರಿನಲ್ಲಿ ಏನಾದರೂ ಇದ್ದರೆ ಇರಲಿ, ಇಲ್ಲದಿದ್ದರೆ ಇನ್ನೊಂದು ದಿನ ನೋಡೋಣ. ಒಂದೊಂದೇ ಡಿಗ್ರಿ.

ಒಂದು ಡ್ರಮ್ಮಿನ ಮಟ್ಟಿ‌ಗೆ ಬಂದ ಮೂಗನ್ನು ನಂಬಿ ಕಾಲಂ ಅಳಿಸುವುದಕ್ಕಾಗುವುದಿಲ್ಲ. ದೊಡ್ಡ ಮೇಡಂ ಕೇಳಿದರೆ ಕೊಡಲು ಆ ಕಾರಣ ಸಾಕು. ನಿಜವಾದದ್ದು ಬೇರೆ. ಮೂಗು ಬಂದಿದೆ ಎಂದರೆ ನಾಳೆಯಿಂದ ಸಂಜೆ ಆರೂವರೆಗೆ ಹತ್ತು ನಿಮಿಷ ಅವರ ಮುಖವನ್ನು ಕಣ್ಣು ಕೀಳದೆ ನೋಡಲು ನನಗೆ ಯಾವ ನೆಪವೂ ಇರುವುದಿಲ್ಲ. ನೆಪವಿಲ್ಲದೆ ನೋಡುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ.

ಒಳಗೆ ಪೆಟ್ಟಿಗೆ ಟಿಕ್ ಎಂದಿತು. ಹೊರಗೆ ಗಾಳಿ ಏಳುತ್ತಿತ್ತು.

"ಗಂಟೆ ಬರೆದುಕೊಳ್ಳಲ್ವಾ?" ಎಂದರು ಅವರು.

"ಬರೆದುಕೊಂಡೆ," ಎಂದೆ. ಬರೆದಿರಲಿಲ್ಲ.

ರಿಜಿಸ್ಟರು ಮುಚ್ಚಿದೆ. ಮೂಗಿನ ಸುದ್ದಿಯನ್ನು ಅಕ್ಕನಿಗೆ ಹೇಳುವುದಿಲ್ಲ, ದೊಡ್ಡ ಮೇಡಂಗೆ ಹೇಳುವುದಿಲ್ಲ, ಇವರಿಗಂತೂ ಹೇಳುವುದೇ ಇಲ್ಲ ಎಂದು ತೀರ್ಮಾನ ಮಾಡಿದೆ.